ಆಳ್ವ ಮೊದಲೋ, ಆಶಾ ಮೊದಲೋ

ಬಂಟರ ಭವನವಿರುವ ಕುರ್ಲಾ ಪೂರ್ವದ ಆಸುಪಾಸಿನಲ್ಲಿ ಕನ್ನಡ ಕೂಟವೊಂದು ತನ್ನ ಸದಸ್ಯರ ಹೆಸರನ್ನು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಬ್ಬರಂತೆ ಬರೆದಿಟ್ಟಿದೆ, ಅದನ್ನು ಜಾಲತಾಣದಲ್ಲಿ ಅಕಾರಾದಿಯಾಗಿ ತೋರಿಸಬೇಕು ಎಂದಿಟ್ಟುಕೊಳ್ಳಿ. ಪಿಎಚ್‌ಪಿಯಲ್ಲಿ ನಾಲ್ಕು ಸಾಲಿನ ಕೆಲಸ. ಆದರೆ ಪುಟ ತೆರೆದರೆ ಫೈಲಿನ ಮೊದಲ ಹೆಸರು ಪಟ್ಟಿಯ ಬುಡಕ್ಕೆ ಹೋಗಿ ಕೂತಿದೆ. ಕೊನೆಯ ಹೆಸರು ನಡುವೆಲ್ಲೋ ಇನ್ನೊಬ್ಬರ ಹೆಸರಿಗೆ ಅಂಟಿಕೊಂಡಿದೆ. ಬೈಗುಳ ಬೀಳುವುದು ಸಾರ್ಟ್ ಆಜ್ಞೆಗೆ. ಪಾಪ, ಅದು ಹೇಳಿದ್ದನ್ನು ಮಾಡಿದೆ ಅಷ್ಟೆ. ತಪ್ಪು ಇರುವುದು ಸಾಲುಗಳನ್ನು ಓದಿಕೊಂಡ ರೀತಿಯಲ್ಲಿ, ಮತ್ತು ಯಾವ ಕ್ರಮ ಬೇಕೆಂದು ನಾವು ಹೇಳದೆ ಬಿಟ್ಟದ್ದರಲ್ಲಿ.

ಹಳೆಯ ನೋಟ್‌ಪ್ಯಾಡ್ ಯುಟಿಎಫ್-8ರಲ್ಲಿ ಉಳಿಸುವಾಗ ಫೈಲಿನ ತಲೆಗೆ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತು ಹಾಕುತ್ತಿತ್ತು. ಆ ಗುರುತು ಇಎಫ್ ಎಂಬ ಬೈಟಿನಿಂದ ಶುರುವಾದರೆ, ಕನ್ನಡದ ಅಕ್ಷರಗಳೆಲ್ಲ ಅದಕ್ಕಿಂತ ಚಿಕ್ಕದಾದ ಇ0ಯಿಂದ ಶುರುವಾಗುತ್ತವೆ. ಮೊದಲ ಹೆಸರು ಬುಡಕ್ಕೆ ಇಳಿದದ್ದು ಹೀಗೆ. ಇನ್ನು ಫೈಲಿನ ಕೊನೆಯ ಸಾಲಿನ ನಂತರ ಎಂಟರ್ ಒತ್ತಿರುವುದಿಲ್ಲ. ವಿಂಗಡಿಸಿದಾಗ ಆ ಸಾಲು ನಡುವೆ ಬಂದರೆ ಮುಂದಿನ ಹೆಸರು ಅದರ ಬಾಲಕ್ಕೇ ಸೇರುತ್ತದೆ. ಓದುವಾಗಲೇ ಆ ಗುರುತನ್ನೂ ಸಾಲಿನ ತುದಿಯನ್ನೂ ಕತ್ತರಿಸಿ, ಬರೆಯುವಾಗ ಪ್ರತಿ ಸಾಲಿಗೂ ಹೊಸ ತುದಿ ಕೊಟ್ಟರೆ ಎರಡೂ ಕಾಯಿಲೆ ವಾಸಿ. ಪರ್ಲ್ ಭಾಷೆಯಿಂದ ಪಿಎಚ್‌ಪಿಗೆ ಬಂದವರ ತಪ್ಪು ಬೇರೆ ಬಗೆಯದು. ಪರ್ಲ್‌ನ ಸಾರ್ಟ್ ಹೊಸ ಪಟ್ಟಿಯನ್ನು ಕೈಗಿಡುತ್ತದೆ. ಪಿಎಚ್‌ಪಿಯದು ಇದ್ದ ಪಟ್ಟಿಯನ್ನೇ ಜೋಡಿಸಿ ಬರೀ ‘ಹೌದು’ ಎನ್ನುತ್ತದೆ. ಆ ‘ಹೌದ’ನ್ನು ಪಟ್ಟಿಯ ಹೆಸರಿಗೇ ತುಂಬಿಸಿದರೆ ಸದಸ್ಯರೆಲ್ಲ ಮಾಯ.

ಇಷ್ಟು ಸರಿಪಡಿಸಿದರೂ ಕ್ರಮದ ಪ್ರಶ್ನೆ ಉಳಿಯುತ್ತದೆ. ಸಾಲಿನ ಮೊದಲಿಗೆ ಕಟ್ಟಡದ ಸಂಖ್ಯೆ ಇದ್ದು, ಇಡೀ ಸಾಲನ್ನು ಅಕ್ಷರವಾಗಿ ಹೋಲಿಸಿದರೆ ಕುರ್ಲಾದ ನೆಹರೂ ನಗರದ 10ನೇ ಕಟ್ಟಡ 2ನೆಯದಕ್ಕಿಂತ ಮೊದಲು ಬರುತ್ತದೆ. ಸಂಖ್ಯೆಯನ್ನು ಬಿಡಿಸಿ ಸಂಖ್ಯೆಯಾಗಿಯೇ ಹೋಲಿಸಬೇಕು. ಹಾಗಂತ ಮೂಲವನ್ನೇ ಸಂಖ್ಯೆಯಾಗಿ ಬದಲಿಸಿ ಉಳಿಸಬಾರದು. ಪಟ್ಟಿ ರೈಲುಗಳದ್ದಾಗಿದ್ದರೆ, ಸೊನ್ನೆಯಿಂದ ಶುರುವಾಗುವ ವಿಶೇಷ ರೈಲುಗಳ ಸಂಖ್ಯೆ ಆ ಸೊನ್ನೆಯನ್ನೇ ಕಳೆದುಕೊಳ್ಳುತ್ತದೆ. ಅಡ್ಡಹೆಸರಿನ ಮೇಲೆ ವಿಂಗಡಿಸಿದರೆ ಶೆಟ್ಟಿಯವರದೇ ಪುಟಗಟ್ಟಲೆ. ಆಗ ಎರಡನೆಯ ಕೀಲಿಯಾಗಿ ಸ್ವಂತ ಹೆಸರನ್ನೂ ಕೊಡಬೇಕು. ಸಮಾನವಾದವು ಮೊದಲಿದ್ದ ಕ್ರಮದಲ್ಲೇ ಉಳಿಯುತ್ತವೆ ಎಂಬ ಭರವಸೆ ಪಿಎಚ್‌ಪಿಗೆ ಬಂದದ್ದು 2020ರ 8.0 ಆವೃತ್ತಿಯಲ್ಲಿ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಳಕಾರ. ವರ್ಣಮಾಲೆಯಲ್ಲಿ ಅದು ಹಕಾರದ ನಂತರ, ಯೂನಿಕೋಡ್ ಸಂಖ್ಯೆಯಲ್ಲಿ ವಕಾರಕ್ಕೂ ಮೊದಲು. ಹಾಗಾಗಿ ಬರೀ ಸಾರ್ಟ್ ಮಾಡಿದರೆ ಆಳ್ವ ಮುಂದೆ, ಆಶಾ ಹಿಂದೆ. ಶಾಲೆಯಲ್ಲಿ ಕಲಿತ ಕ್ರಮ ಇದರ ತಿರುವುಮುರುವು. ಭಾಷೆಗೆ ತಕ್ಕಂತೆ ವಿಂಗಡಿಸುವ ಪಿಎಚ್‌ಪಿಯ ಕೊಲೇಟರ್‌ಗೆ ಕನ್ನಡ ಎಂದು ತಿಳಿಸಿದರೆ ಅದು ವರ್ಣಮಾಲೆಯನ್ನೇ ಅನುಸರಿಸುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫೈಲಾದರೆ ಮೊದಲು ಯೂನಿಕೋಡಿಗೆ ತಂದುಕೊಳ್ಳಿ.

ಇಷ್ಟೆಲ್ಲ ಕಷ್ಟ ಯಾಕೆ, ಡೇಟಾಬೇಸಿಗೆ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಮುಗಿಯುವುದಿಲ್ಲ. ಅಲ್ಲಿಯೂ ಬೈನರಿ ಕ್ರಮ ಆರಿಸಿದ್ದರೆ ಆಳ್ವ ಮತ್ತೆ ಮುಂದೆ. ಹಲವರು ಒಟ್ಟಿಗೆ ತಿದ್ದುವ ಪಟ್ಟಿಗೆ ಡೇಟಾಬೇಸ್ ಬೇಕು, ಒಪ್ಪುತ್ತೇನೆ. ಕೆಲವು ನೂರು ಹೆಸರಿಗೆ ಟೆಕ್ಸ್ಟ್ ಫೈಲೇ ಹಿತ, ಕೆಟ್ಟರೆ ಕಣ್ಣಿಂದ ಓದಿ ತಿಳಿಯಬಹುದು. ಒಂದು ಳಕಾರಕ್ಕೆ ಇಷ್ಟು ಗದ್ದಲವೇ ಎಂಬುದು ಇನ್ನೊಂದು ಆಕ್ಷೇಪ. ಪಟ್ಟಿಯಲ್ಲಿ ಹುಡುಕುವವರು ಅಭ್ಯಾಸದ ಜಾಗವನ್ನೇ ನೋಡುತ್ತಾರೆ. ಅಲ್ಲಿ ಸಿಗದ ಹೆಸರು ಅವರ ಪಾಲಿಗೆ ಬಿಟ್ಟುಹೋದ ಹೆಸರೇ. ತಿದ್ದಲು ಕೂರುವ ಮುನ್ನ ಮೂಲ ಫೈಲಿನ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಳ್ಳಿ.