ಪೊಟ್ಟಣದ ಮೇಲಿನ ‘ಬೆರೆಸಿ’: ಬಳಕೆಯ ಸೂಚನೆಗಳ ಕನ್ನಡವನ್ನು ಕುರಿತು

ಗೃಹಬಳಕೆಯ ಸರಕುಗಳ ಮೇಲೆ ಕನ್ನಡ ಇರಬೇಕೆಂಬ ವಾದ ಹಳೆಯದು. ಇರುವ ಕನ್ನಡ ಏನನ್ನು ಹೇಳುತ್ತಿದೆ ಎಂಬ ವಿಚಾರಣೆ ವಿರಳ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳಿಗೆ ಕಡ್ಡಾಯ ಘೋಷಣೆಗಳು ದೇವನಾಗರಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು; ಬೇರೆ ಭಾಷೆ ಹೆಚ್ಚುವರಿ. 1971ರ ಕೀಟನಾಶಕ ನಿಯಮಗಳು ಪ್ರಾದೇಶಿಕ ಭಾಷೆಯನ್ನೂ ಕೇಳುತ್ತವೆ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಕೆಯ ಸೂಚನೆಗಳ ವಿಷಯವನ್ನು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ಎತ್ತಿಕೊಂಡಿದೆ. ಇವೆಲ್ಲವೂ ಭಾಷೆಯ ಹಾಜರಿಯನ್ನಷ್ಟೇ ಗುರುತು ಹಾಕಿಕೊಳ್ಳುತ್ತವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಿರಾಣಿ ಅಂಗಡಿಗಳಲ್ಲಿ ಪೊಟ್ಟಣಗಳನ್ನು ತಿರುಗಿಸಿ ಓದುವವರಿಗೆ ‘ಬೆರೆಸಿ’, ‘ಕರಗಿಸಿ’, ‘ಕುಲುಕಿ’, ‘ಸಿಂಪಡಿಸಿ’ ಎಂಬ ರೂಪಗಳು ಸುಪರಿಚಿತ. ಇವು ಉಕಾರಾಂತ ಧಾತುಗಳಿಂದ ಹುಟ್ಟಿದವು. ಈ ವರ್ಗದ ಬಹುಪಾಲು ಧಾತುಗಳಲ್ಲಿ ಭೂತನ್ಯೂನ ಕೃದಂತವೂ ವಿಧ್ಯರ್ಥದ ಬಹುವಚನವೂ ಇಂದಿನ ಬರಹದಲ್ಲಿ ಒಂದೇ ಆಗಿವೆ. ‘ಸುರಿ’, ‘ತೊಳೆ’ಗಳಲ್ಲಿ ಈ ತೊಡಕಿಲ್ಲ: ‘ಸುರಿದು’ ಬೇರೆ, ‘ಸುರಿಯಿರಿ’ ಬೇರೆ. ‘ಬಿಡು’, ‘ಇಡು’ಗಳೂ ‘ಬಿಟ್ಟು’, ‘ಇಟ್ಟು’ ಎಂದಾಗಿ ಪಾರಾಗುತ್ತವೆ. ಹಳಗನ್ನಡದಲ್ಲಿ ‘ಮಾಡಿ’ಗೂ ‘ಮಾಡಿಂ’ಗೂ ಅಂತರವಿತ್ತು. ಆದರೆ ಸೂಚನೆಯ ಶಬ್ದಭಂಡಾರ ಬಹುಮಟ್ಟಿಗೆ ‘-ಇಸು’ ಪ್ರತ್ಯಯದ ಮೇಲೆ ನಿಂತಿದೆ. ‘ಮಿಕ್ಸ್ ಮಾಡಿ’ ಎಂದು ನುಣುಚಿಕೊಂಡರೂ ‘ಮಾಡು’ ಅದೇ ವರ್ಗಕ್ಕೆ ಸೇರಿದ್ದು.

ಬಹಳ ಕಡೆ ಈ ಸಂದಿಗ್ಧತೆ ನಿರಪಾಯಕಾರಿ. ‘ಪುಡಿಯನ್ನು ನೀರಿಗೆ ಹಾಕಿ ಕಲಕಿ’ ಎಂಬುದನ್ನು ಒಂದು ಆಜ್ಞೆಯೆಂದು ಓದಿದರೂ ಎರಡೆಂದು ಓದಿದರೂ ಕೈ ಮಾಡುವ ಕೆಲಸ ಒಂದೇ. ಕೊನೆಯ ಕ್ರಿಯಾಪದ ನಿಷೇಧವಾದಾಗ ಪರಿಸ್ಥಿತಿ ಬದಲಾಗುತ್ತದೆ. ಓಆರ್‌ಎಸ್ ಪುಡಿಯನ್ನೇ ತೆಗೆದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ 20.5 ಗ್ರಾಂ ಪುಡಿಗೆ ಒಂದು ಲೀಟರ್ ನೀರು. ನೀರನ್ನು ಮೊದಲೇ ಕುದಿಸಿ ಆರಿಸಬಹುದು, ದ್ರಾವಣವನ್ನು ಮಾತ್ರ ಕುದಿಸಬಾರದು. ಇದನ್ನು ಪೊಟ್ಟಣದ ಇಕ್ಕಟ್ಟಿಗೆ ಒಗ್ಗಿಸಿದರೆ ಹೀಗಾಗಬಹುದು (ವಾಕ್ಯ ನಾನು ಕಟ್ಟಿದ್ದು):

‘ಪುಡಿಯನ್ನು ನೀರಿಗೆ ಬೆರೆಸಿ ಕುದಿಸಬೇಡಿ’.

‘ಬೆರೆಸಿ’ ಕೃದಂತವಾದರೆ ನಿಷೇಧ ಬೆರೆಸಿದ ನಂತರದ ಕುದಿತಕ್ಕೆ ತಗಲುತ್ತದೆ. ಉದ್ದೇಶಿತ ಅರ್ಥ ಇದೇ. ಆದರೆ ಬೆರೆಸಬೇಕೆಂಬ ಆಜ್ಞೆಯೇ ಆಗ ನಿಷೇಧದ ವ್ಯಾಪ್ತಿಯೊಳಗೆ ಸಿಲುಕುತ್ತದೆ. ವಿಧ್ಯರ್ಥವಾದರೆ ಎರಡು ಬಿಡಿ ಆಜ್ಞೆಗಳು ಉಳಿಯುತ್ತವೆ, ಎರಡನೆಯದಕ್ಕೆ ಕರ್ಮವೇ ಇಲ್ಲ. ಕುದಿಸಬಾರದ್ದು ಯಾವುದು, ದ್ರಾವಣವೋ ನೀರೋ? ಹತ್ತಿರದ ನಾಮಪದ ‘ನೀರು’. ನಲ್ಲಿಯ ನೀರನ್ನು ಹಾಗೆಯೇ ಬಳಸಬೇಕೆಂದು ಓದುಗರು ತಿಳಿದರೆ ವ್ಯಾಕರಣ ಅವರನ್ನು ತಡೆಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ಕುಡಿಯುವ ನೀರಿನಿಂದ ಹಲವರು ವಾಂತಿಭೇದಿಗೆ ತುತ್ತಾದರು, ಸಾವುಗಳೂ ಸಂಭವಿಸಿದವು. ಅದಕ್ಕೂ ಪೊಟ್ಟಣದ ಭಾಷೆಗೂ ಸಂಬಂಧವಿಲ್ಲ. ಆದರೆ ಓಆರ್‌ಎಸ್ ಪೊಟ್ಟಣವನ್ನು ಜನ ಕೈಗೆತ್ತಿಕೊಳ್ಳುವುದು ಅಂಥ ದಿನಗಳಲ್ಲಿಯೇ, ನೀರನ್ನು ನಂಬಲಾಗದ ಹೊತ್ತಿನಲ್ಲಿಯೇ.

ಪೂರ್ಣವಿರಾಮವಿದ್ದರೆ ಸಾಕಲ್ಲವೇ ಎಂಬ ಆಕ್ಷೇಪಕ್ಕೆ ಬಲವಿಲ್ಲ. ಮಡಿಕೆಯ ಮೇಲಿನ ಸಣ್ಣಕ್ಷರದಲ್ಲಿ ಮೊದಲು ಅಳಿಸಿಹೋಗುವುದೇ ಆ ಚುಕ್ಕೆ; ಗಟ್ಟಿಯಾಗಿ ಓದಿಸಿಕೊಂಡು ಕೇಳುವವರಿಗೆ ಅದು ಕಾಣುವುದೂ ಇಲ್ಲ. ಪ್ರತ್ಯಯ ಉಳಿಯುತ್ತದೆ. ‘ಬೆರೆಸಿರಿ’ ಎಂದರೆ ಕೃದಂತದ ಓದು ಅಸಾಧ್ಯ. ‘-ಇರಿ’ ಪುಸ್ತಕದ ಭಾಷೆ, ಗ್ರಾಹಕರಿಗೆ ಬಿಗಿಯೆನಿಸುತ್ತದೆ ಎನ್ನುವವರು ಹೊಳಲ್ಕೆರೆಯ ಕಡೆಯ ‘ಹಾಕ್ರಿ’, ‘ಕಲಸ್ರಿ’ಗಳನ್ನು ಕೇಳಿಸಿಕೊಂಡಿಲ್ಲ. ಪೊಟ್ಟಣ ಕಳೆದುಕೊಂಡ ಭೇದವನ್ನು ಇಲ್ಲಿನ ಆಡುಮಾತು ಉಳಿಸಿಕೊಂಡಿದೆ. (ವಿನ್ಯಾಸಕಾರರು ಒಂದು ಅಕ್ಷರದ ಜಾಗಕ್ಕೆ ಲೆಕ್ಕ ಹಾಕುವುದು ಸೋಜಿಗ, ಸರಕಿನ ಹೆಸರಿಗೆ ಅರ್ಧ ಪೊಟ್ಟಣವೇ ಮೀಸಲು.)

‘-ಇರಿ’ ಒಂದರಿಂದಲೇ ಮೇಲಿನ ವಾಕ್ಯ ಸರಿಹೋಗದು. ‘ಬೆರೆಸಿರಿ, ಕುದಿಸಬೇಡಿ’ ಎಂದರೂ ಲುಪ್ತವಾದ ಕರ್ಮದ ತೊಡಕು ಹಾಗೆಯೇ ಇರುತ್ತದೆ. ನಿಷೇಧದ ಹಿಂದೆ ‘-ಇ’ ಕೃದಂತವನ್ನು ಇಡದೆ, ಕಾಲಕ್ರಮವನ್ನು ‘ಮೇಲೆ’ ಎಂಬ ಪದದಿಂದಲೇ ಹೇಳುವುದು ಲೇಸು: ‘ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪುಡಿಯನ್ನೆಲ್ಲ ಬೆರೆಸಿರಿ. ಬೆರೆಸಿದ ಮೇಲೆ ದ್ರಾವಣವನ್ನು ಕುದಿಸಬೇಡಿರಿ.’ ಇಲ್ಲಿಯೂ ‘ಕುದಿಸಿ’ ಇದೆ, ಆದರೆ ‘ಆರಿಸಿದ’ ಎಂಬ ಕೃದಂತ ಅದನ್ನು ಹಿಡಿದಿಟ್ಟಿರುವುದರಿಂದ ಆಜ್ಞೆಯಾಗಿ ಓದಲು ಎಡೆಯಿಲ್ಲ.