ಸಂಕಮ್ಮನ ಸಾಲಿನಲ್ಲಿ ನ್ಯಾಯವಿಚಾರ

ಕನ್ನಡದ ಜನಪದ ಮಹಾಕಾವ್ಯಗಳಲ್ಲಿ ಮಲೆಯ ಮಾದೇಶ್ವರನ ಕಾವ್ಯಕ್ಕೆ ವಿಶಿಷ್ಟವಾದ ಸ್ಥಾನವಿದೆ. ದೇವರ ಗುಡ್ಡರು ಕಂಸಾಳೆ ಹಿಡಿದು ರಾತ್ರಿಯುದ್ದಕ್ಕೂ ಹಾಡುವ ಈ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದ ಮೇಲೆ ಅದು ವಿದ್ವಾಂಸರ ಅಭ್ಯಾಸಕ್ಕೂ ಒದಗಿತು. ಸುತ್ತೂರು, ಕುಂತೂರು ಮಠಗಳ ಹೆಸರು ಅದರ ಕಥೆಯಲ್ಲಿ ಹಾಸುಹೊಕ್ಕಾಗಿರುವುದರಿಂದ ಭಕ್ತಜನರಿಗೆ ಅದು ಕೇವಲ ಕಾವ್ಯವಲ್ಲ, ಶ್ರದ್ಧೆಯ ನೆಲೆ. ಇಂತಹ ಕೃತಿಯನ್ನು ಭಕ್ತಿಯ ದೃಷ್ಟಿಯಿಂದ ನೋಡಿದವರು ಬಹುಮಂದಿ. ಆಚಾರ, ಪವಾಡಗಳ ದೃಷ್ಟಿಯಿಂದ ನೋಡಿದವರೂ ಉಂಟು. ಅದರೊಳಗೆ ಹುದುಗಿರುವ ನ್ಯಾಯವಿಚಾರವನ್ನು ಎತ್ತಿಕೊಂಡು ವಿವೇಚಿಸಿದವರು ವಿರಳ. ಆ ವಿಚಾರವು ಅತ್ಯಂತ ಸ್ಫುಟವಾಗಿ ಮೂಡಿರುವುದು ಸಂಕಮ್ಮನ ಸಾಲಿನಲ್ಲಿ.

ಕಥೆ ಸರ್ವವಿದಿತವಾದುದೇ. ಸೋಲಿಗರ ನೀಲೇಗೌಡನು ಕಾಡಿಗೆ ಹೊರಡುವ ಮುನ್ನ ತನ್ನ ಹೆಂಡತಿಯ ಶೀಲವನ್ನು ಶಂಕಿಸಿ, ಭಾಷೆ ಕೊಡುವಂತೆ ಕೇಳುತ್ತಾನೆ. ಸಂಕಮ್ಮ ಕೊಡಲೊಪ್ಪುವುದಿಲ್ಲ. ಕುಪಿತನಾದ ಗಂಡನು ಅವಳನ್ನು ಹಿಂಸಿಸಿ ನಿರ್ಜನವಾದ ಅಡವಿಯ ಗುಡಿಸಿಲಿನಲ್ಲಿ ಬಿಟ್ಟುಹೋಗುತ್ತಾನೆ. ಮೊರೆ ಕೇಳಿ ಬಂದ ಮಾದೇಶ್ವರನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುತ್ತಾರೆ. ಮರಳಿ ಬಂದ ನೀಲೇಗೌಡನ ಶಂಕೆ ಇಮ್ಮಡಿಯಾಗುತ್ತದೆ. ಸಂಕಮ್ಮ ಕಠಿಣ ಪರೀಕ್ಷೆಗೆ ಒಳಗಾಗಿ ಗೆಲ್ಲುತ್ತಾಳೆ.

ಇದನ್ನು ಪತಿವ್ರತಾ ಮಹಿಮೆಯ ಕಥೆಯೆಂದು ಓದುವುದು ರೂಢಿ. ಆ ಓದಿಗೆ ಕಾವ್ಯದ ಕೊನೆಯ ಭಾಗದಲ್ಲಿ ಆಧಾರವಿಲ್ಲದಿಲ್ಲ. ಆದರೆ ಸಾಲಿನ ಜೀವಾಳವಿರುವುದು ಪರೀಕ್ಷೆಯ ಗೆಲುವಿನಲ್ಲಿ ಅಲ್ಲ, ಮೊದಲಿನ ನಿರಾಕರಣೆಯಲ್ಲಿ. ಪತಿವ್ರತೆಯೆನಿಸಿಕೊಳ್ಳುವುದಷ್ಟೇ ಗುರಿಯಾಗಿದ್ದರೆ ಸಂಕಮ್ಮ ಭಾಷೆ ಕೊಟ್ಟು ಸುಖವಾಗಿರಬಹುದಾಗಿತ್ತು. ಅವಳಲ್ಲಿ ಮುಚ್ಚಿಡುವಂಥದು ಏನೂ ಇರಲಿಲ್ಲ. ಆದರೂ ಅವಳು ಒಪ್ಪದಿರುವುದಕ್ಕೆ ಕಾರಣ, ತಪ್ಪು ಮಾಡದವಳಿಂದ ಭಾಷೆ ಕೇಳುವುದೇ ಅವಳನ್ನು ತಪ್ಪಿತಸ್ಥಳ ಸಾಲಿನಲ್ಲಿ ನಿಲ್ಲಿಸಿದಂತೆ ಎಂಬ ಅರಿವು. ಕಾಡಿಗೆ ಹೋಗುವ ನೀಲೇಗೌಡನಿಂದ ಭಾಷೆ ಕೇಳುವವರು ಯಾರೂ ಇಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಒಂದೇ ಮನೆಯ ಇಬ್ಬರಲ್ಲಿ ಒಬ್ಬರು ಕೇಳುವವರು, ಒಬ್ಬರು ರುಜುವಾತು ಒದಗಿಸಬೇಕಾದವರು. ಈ ವ್ಯತ್ಯಾಸವೇ ಅಸಮಾನತೆಯ ಮೂಲ.

ಎಲ್ಲರಿಗೂ ಒಂದೇ ಕಾನೂನು ಎಂಬ ಮಾತಿನ ಅರ್ಥವನ್ನು ಪರಿಶೀಲಿಸುವವರಿಗೆ ಈ ಸಾಲು ಒಳ್ಳೆಯ ಒರೆಗಲ್ಲು. ಭಾರತ ಸಂವಿಧಾನದ 14ನೆಯ ಅನುಚ್ಛೇದವು ಕಾನೂನಿನ ಮುಂದೆ ಸಮಾನತೆಯನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಸಾರುತ್ತದೆ. 20ನೆಯ ಅನುಚ್ಛೇದದ ಮೂರನೆಯ ಖಂಡವು ಆಪಾದಿತನನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆನ್ನುತ್ತದೆ. ಸಂಕಮ್ಮನ ನಿರಾಕರಣೆಯಲ್ಲಿರುವುದೂ ಇದೇ ತತ್ತ್ವದ ಬೀಜ: ಮೌನವು ತಪ್ಪೊಪ್ಪಿಗೆಯಲ್ಲ, ಭಾಷೆ ಕೊಡದಿರುವುದು ಅಪರಾಧವಲ್ಲ.

ಈ ಕಾವ್ಯವನ್ನು ಹಾಡುವ ಸೀಮೆಯ ಚರಿತ್ರೆಯೂ ಇದೇ ಪ್ರಶ್ನೆಯನ್ನು ಎತ್ತುತ್ತದೆ. ಕಾವೇರಿಯ ಮಗ್ಗುಲಿನ ಮುಳ್ಳೂರು ಮೊದಲಾದ ಊರುಗಳನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ನಾಲಗೆ ಒಂದು, ದೇವರು ಒಬ್ಬ, ಆದರೆ ಶಾಸನ ಎರಡು. ದೇವಾಲಯ ಪ್ರವೇಶದ ಶಾಸನವು ಮದರಾಸಿನಲ್ಲಿ 1939ರಲ್ಲಿ ಬಂದರೆ ಮೈಸೂರಿನಲ್ಲಿ ಬಂದುದು 1948ರಲ್ಲಿ. ರಾಜ್ಯಗಳ ಪುನರ್ವಿಂಗಡಣೆಯಿಂದ ಈ ಭೇದ ಅಳಿಯಿತು. ಆದರೆ ಶಾಸನ ಒಂದಾದ ಮಾತ್ರಕ್ಕೆ ಅದರ ಮುಂದೆ ಎಲ್ಲರೂ ಒಂದಾದರೆಂದು ಹೇಳುವಂತಿಲ್ಲವೆಂಬುದಕ್ಕೆ ಮಾದೇಶ್ವರನ ಬೆಟ್ಟದ ಸುತ್ತಲೇ ನಡೆದ ಪ್ರಸಂಗವೊಂದು ನಿದರ್ಶನ.

ವೀರಪ್ಪನ್‌ನ ತಂಡವು 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿಸಿ 22 ಮಂದಿಯನ್ನು ಕೊಂದಿತು. ಆ ಕೃತ್ಯದ ಕ್ರೌರ್ಯದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಅನಂತರದ ಶೋಧದಲ್ಲಿ ಬೆಟ್ಟದ ತಪ್ಪಲಿನ ಬಡ ಹಳ್ಳಿಗರನೇಕರು ಟಾಡಾ ಕಾಯಿದೆಯಡಿ ಬಂಧಿತರಾದರು. 1872ರ ಸಾಕ್ಷ್ಯ ಅಧಿನಿಯಮವು ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪುತ್ತಿರಲಿಲ್ಲ; 1987ರ ಟಾಡಾ ಕಾಯಿದೆಯ 15ನೆಯ ಪ್ರಕರಣವು ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಮುಂದಿನದನ್ನು ಒಪ್ಪಿತು. ಜಾಮೀನು ದುರ್ಲಭವಾಯಿತು. ಶಂಕೆಯೇ ಪ್ರಧಾನವಾಗಿ, ನಿರ್ದೋಷಿತ್ವದ ಭಾರವು ಆಪಾದಿತನ ಹೆಗಲಿಗೆ ಸರಿಯಿತು. 1995ರಲ್ಲಿ ಆ ಕಾಯಿದೆಯ ಅವಧಿ ಮುಗಿದರೂ ಅದರಡಿ ಹೂಡಿದ ಮೊಕದ್ದಮೆಗಳು ಮುಗಿಯಲಿಲ್ಲ. ಸೆರೆಯಲ್ಲಿದ್ದವರು ಮೈಸೂರಿನಲ್ಲಿ ವಿಚಾರಣೆಯ ಕೊನೆಗಾಗಿ ಕಾಯುತ್ತಲೇ ಇದ್ದರು.

2000ದ ಜುಲೈ 30ರಂದು ನಟ ರಾಜಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದನು. ಅವನ ಬೇಡಿಕೆಗಳಲ್ಲಿ ಈ ಸೆರೆಯಾಳುಗಳ ಬಿಡುಗಡೆಯೂ ಒಂದು. ಸರ್ಕಾರವು 51 ಮಂದಿಯ ಮೇಲಿನ ಟಾಡಾ ಆಪಾದನೆಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ವೀರಪ್ಪನ್‌ನ ತಂಡದಿಂದ ಹತನಾದ ಪೊಲೀಸ್ ಅಧಿಕಾರಿಯೊಬ್ಬನ ತಂದೆ ಅಬ್ದುಲ್ ಕರೀಂ ಇದನ್ನು ಪ್ರಶ್ನಿಸಿದರು. ಅದೇ ವರ್ಷದ ನವೆಂಬರ್ 7ರಂದು ಸುಪ್ರೀಂ ಕೋರ್ಟು ಹಿಂತೆಗೆತವನ್ನು ತಳ್ಳಿಹಾಕಿತು. ರಾಜಕುಮಾರ್ ಅವರು ನವೆಂಬರ್ 15ರಂದು ಬೇರೆ ರೀತಿಯಲ್ಲಿ ಬಿಡುಗಡೆ ಹೊಂದಿದರು.

ಈ ತೀರ್ಪು ಯುಕ್ತವಾದುದೆಂಬುದನ್ನು ಒಪ್ಪಬೇಕು. ಬಲವಂತನ ಬೆದರಿಕೆಗೆ ಮಣಿದು ಬಾಗುವ ಕಾನೂನು, ಮಗನನ್ನು ಕಳೆದುಕೊಂಡ ತಂದೆಯ ಮುಂದೆ ನ್ಯಾಯವೆನಿಸಲಾರದು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಆ 51 ಮಂದಿಯ ಮೇಲಿನ ಆಪಾದನೆ ದುರ್ಬಲವಾಗಿದ್ದರೆ ಅದನ್ನು ಅವರಿಗಾಗಿಯೇ, ಬಹು ಹಿಂದೆಯೇ ಹಿಂತೆಗೆಯಬೇಕಾಗಿತ್ತು. ಬಲವಾಗಿದ್ದರೆ ಯಾರಿಗಾಗಿಯೂ ಹಿಂತೆಗೆಯಬಾರದಾಗಿತ್ತು. ವರ್ಷಗಟ್ಟಲೆ ಕೇಳದಿದ್ದ ಅವರ ಮೊರೆ, ನಾಡೇ ಪ್ರೀತಿಸುವ ಒಬ್ಬರ ಪ್ರಾಣದೊಡನೆ ತಳುಕುಹಾಕಿಕೊಂಡಾಗ ಮಾತ್ರ ಕೇಳಿಸಿತು. ಅಸಮಾನತೆ ನೆಲಸಿದ್ದುದು ಇಲ್ಲಿ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ತೀರ್ಪಿತ್ತಾಗ ಆಪಾದಿತರಲ್ಲಿ ಹೆಚ್ಚಿನವರು ನಿರ್ದೋಷಿಗಳೆಂದು ಹೊರಬಂದರು; ಕಳೆದ ವರ್ಷಗಳು ಮರಳಲಿಲ್ಲ. ಯಾವಜ್ಜೀವ ಶಿಕ್ಷೆ ಹೊಂದಿದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟು ಮರಣದಂಡನೆ ವಿಧಿಸಿತು; ಕ್ಷಮಾದಾನದ ಅರ್ಜಿಯ ತೀರ್ಮಾನದಲ್ಲಿ ಆದ ವಿಳಂಬದ ಕಾರಣದಿಂದ 2014ರ ಜನವರಿ 21ರಂದು ಅದೇ ನ್ಯಾಯಾಲಯ ಅದನ್ನು ಮತ್ತೆ ಯಾವಜ್ಜೀವಕ್ಕೆ ಇಳಿಸಿತು. ಶೋಧಕಾಲದ ದೌರ್ಜನ್ಯಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿ ವಿಚಾರಿಸಿದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರಕ್ಕೆ ಶಿಫಾರಸು ಮಾಡಿತು.

ಈ ಹಿನ್ನೆಲೆಯಲ್ಲಿ ಸಂಕಮ್ಮನ ಸಾಲನ್ನು ಮರಳಿ ಓದಿದರೆ ಕಾವ್ಯದ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಶಂಕಿತರ ಮೇಲೆ ರುಜುವಾತಿನ ಭಾರ ಹೊರಿಸುವುದು ಅನ್ಯಾಯವೆಂಬುದನ್ನು ಅನಾಮಧೇಯ ಗಾಯಕರು ಕಂಡುಕೊಂಡದ್ದು ಅದರ ಶಕ್ತಿ. ಆದರೆ ಅಂತ್ಯದಲ್ಲಿ ಕಾವ್ಯವು ಅದೇ ಪರೀಕ್ಷೆಗೆ ಶರಣಾಗುತ್ತದೆ. ಮೊದಲು ನಿರಾಕರಿಸಿದವಳನ್ನು ಕಡೆಗೆ ಗೆದ್ದು ತೋರಿಸುವಂತೆ ಮಾಡುತ್ತದೆ. ದೈವವು ನೆರವಾದುದರಿಂದ ಅವಳು ಗೆದ್ದಳು. ನೆರವಾಗದಿದ್ದರೆ ಅವಳ ಸತ್ಯವು ಸತ್ಯವಾಗಿಯೇ ಇರುತ್ತಿರಲಿಲ್ಲವೆ ಎಂಬ ಪ್ರಶ್ನೆಯನ್ನು ಕಾವ್ಯ ಕೇಳುವುದಿಲ್ಲ. ಭಕ್ತನು ಇದನ್ನು ಕೃಪೆಯೆಂದು ಕೈಮುಗಿದು ಸ್ವೀಕರಿಸಬಹುದು. ವಿಮರ್ಶಕನು ಇದನ್ನು ಕೊರತೆಯೆಂದು ಗುರುತಿಸದೆ ನಿರ್ವಾಹವಿಲ್ಲ.

ಪವಾಡವು ಕಾವ್ಯಕ್ಕೆ ಸಲ್ಲುತ್ತದೆ, ನ್ಯಾಯಸ್ಥಾನಕ್ಕೆ ಸಲ್ಲದು. ದೇವರು ಬಂದು ಕಾಯುವನೆಂಬ ಭರವಸೆಯ ಮೇಲೆ ನಿರಪರಾಧಿಯನ್ನು ಅಡವಿಯ ಗುಡಿಸಿಲಿನಲ್ಲಿ ಬಿಡುವ ಹಕ್ಕು ಗಂಡನಿಗೂ ಇಲ್ಲ, ಪ್ರಭುತ್ವಕ್ಕೂ ಇಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ ಮಾತು ನಿಜವಾಗುವುದು ನೀಲೇಗೌಡನೂ ಭಾಷೆಗೆ ಉತ್ತರವಾದಿಯಾದಾಗ, ಸಂಕಮ್ಮನ ನಿರಾಕರಣೆಗೆ ಪರೀಕ್ಷೆಯಿಲ್ಲದೆಯೇ ಮನ್ನಣೆ ದೊರೆತಾಗ.