ಊರ ಬಾನುಲಿಗೆ ದಿಲ್ಲಿಯ ಅಪ್ಪಣೆ

2003ರ ಹೊತ್ತಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಬಾನುಲಿ ಇತ್ತು. ಸ್ವಸಹಾಯ ಸಂಘದ ಹೆಂಗಸರೂ ಊರಿನ ಹುಡುಗರೂ ಸೇರಿ ಕಾರ್ಯಕ್ರಮ ಮಾಡುತ್ತಿದ್ದರು. ಸ್ಟುಡಿಯೋ ಇತ್ತು, ಕೇಳುಗರೂ ಇದ್ದರು. ಗಾಳಿಯಲ್ಲಿ ಬಿತ್ತರಿಸಲು ಅನುಮತಿಯೊಂದು ಇರಲಿಲ್ಲ. ಹಾಗಾಗಿ ದನಿಯನ್ನು ಟಿ.ವಿ. ಕೇಬಲ್‌ನಲ್ಲಿ ಮನೆಮನೆಗೆ ಮುಟ್ಟಿಸಿದರು. ಅದನ್ನೇ ಒಂದು ಪುಟ್ಟ ಟ್ರಾನ್ಸ್‌ಮಿಟರ್‌ನಿಂದ ಬಿಟ್ಟಿದ್ದರೆ, ಬ್ರಿಟಿಷರು 1885ರಲ್ಲಿ ಮಾಡಿಟ್ಟ ಟೆಲಿಗ್ರಾಫ್ ಕಾಯ್ದೆ ಅಡ್ಡ ಬರುತ್ತಿತ್ತು.

ಇದಕ್ಕೂ ಎಂಟು ವರ್ಷ ಮೊದಲೇ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ತೀರ್ಪು ಕೊಟ್ಟಾಗಿತ್ತು. ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕಿಗಾಗಿ ಬಂಗಾಳ ಕ್ರಿಕೆಟ್ ಸಂಸ್ಥೆ ಮತ್ತು ಕೇಂದ್ರ ಸರ್ಕಾರದ ನಡುವೆ ನಡೆದ ವ್ಯಾಜ್ಯದಲ್ಲಿ, 1995ರ ಫೆಬ್ರವರಿಯಲ್ಲಿ, ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ನಿಯಂತ್ರಣ ಸ್ವತಂತ್ರ ಪ್ರಾಧಿಕಾರವೊಂದರ ಕೈಯಲ್ಲಿರಬೇಕು ಎಂದು ಅದು ಹೇಳಿತು. ತೀರ್ಪಿನ ಮೊದಲರ್ಧವನ್ನು ಸರ್ಕಾರ ತನಗೆ ಬೇಕಾದಂತೆ ಬಳಸಿಕೊಂಡಿತು. ಎರಡನೆಯ ಅರ್ಧವನ್ನು ಮುಟ್ಟಲೇ ಇಲ್ಲ. 1997ರಲ್ಲಿ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಪರವಾನಗಿಯ ವಿಷಯದಲ್ಲಿ ಶಿಫಾರಸು ಮಾಡಬಹುದು, ಅಷ್ಟೇ. ಕೊಡುವುದು, ಬಿಡುವುದು ಸಚಿವಾಲಯಕ್ಕೆ ಸೇರಿದ್ದು. ನಮ್ಮ ಪರವಾನಗಿ ಪದ್ಧತಿಯ ಮೂಲದೋಷ ಇದು. ಮಿಕ್ಕ ತೊಡಕುಗಳೆಲ್ಲ ಇದರಿಂದಲೇ ಹುಟ್ಟಿದವು.

2002ರ ಕೊನೆಯಲ್ಲಿ ಸಮುದಾಯ ಬಾನುಲಿಗೆ ಬಾಗಿಲು ತೆರೆಯಿತು, ಅದೂ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಸ್ವಯಂಸೇವಾ ಸಂಸ್ಥೆಗಳು 2006ರ ನವೆಂಬರ್‌ವರೆಗೆ ಕಾಯಬೇಕಾಯಿತು. ಆ ನೀತಿಯ ಅಡಿಯಲ್ಲಿ 2008ರಲ್ಲಿ ಅಂದಿನ ಮೆದಕ್ ಜಿಲ್ಲೆಯಲ್ಲಿ ದಲಿತ ಮಹಿಳೆಯರ ‘ಸಂಘಂ ರೇಡಿಯೋ’ ಶುರುವಾದದ್ದು ದೊಡ್ಡ ಸಂಗತಿ. ಈ ಕೇಂದ್ರಗಳಿಗೆ ತರಂಗಾಂತರವನ್ನು ಹರಾಜಿಗಿಡದೆ ಕೊಟ್ಟ ಸರ್ಕಾರದ ನಿರ್ಧಾರವನ್ನೂ ಮೆಚ್ಚಲೇಬೇಕು. ಹರಾಜಿನಲ್ಲಿ ಕೂಗಿ ಗೆಲ್ಲುವ ಶಕ್ತಿ ಯಾವ ಹಳ್ಳಿಯ ಸಂಘಕ್ಕಿದೆ?

ಆದರೆ ಕೊಡುವ ಬಗೆ ನೋಡಿ. ನೀತಿಯ ಪ್ರಕಾರ ಅರ್ಜಿ ಹಾಕುವ ಸಂಸ್ಥೆ ನೋಂದಣಿಯಾಗಿ ಕನಿಷ್ಠ 3 ವರ್ಷವಾಗಿರಬೇಕು. ವಾರ್ತಾ ಸಚಿವಾಲಯದ ಸಮಿತಿಯ ಮುಂದೆ ಹೋಗಬೇಕು, ಗೃಹ ಸಚಿವಾಲಯದ ಒಪ್ಪಿಗೆ ಬರಬೇಕು, ಆಮೇಲೆ ದೂರಸಂಪರ್ಕ ಇಲಾಖೆಯಿಂದ ತರಂಗಾಂತರವನ್ನೂ ನಿಸ್ತಂತು ಪರವಾನಗಿಯನ್ನೂ ಪಡೆಯಬೇಕು. ಇಷ್ಟಾದ ಮೇಲೆ ಸಿಗುವುದು 100 ವಾಟ್‌ನ ಪ್ರಸಾರ. ಹತ್ತು ಹದಿನೈದು ಕಿಲೋಮೀಟರ್ ಕೇಳಿಸಿದರೆ ಹೆಚ್ಚು. 2012ರಲ್ಲಂತೂ ವಾರ್ಷಿಕ ತರಂಗಾಂತರ ಶುಲ್ಕವನ್ನು 19,700 ರೂಪಾಯಿಯಿಂದ ಒಮ್ಮೆಲೇ 91,000ಕ್ಕೆ ಏರಿಸಲಾಯಿತು. ಕೇಂದ್ರಗಳು ಪ್ರತಿಭಟಿಸಿದ ಮೇಲೆ ಇಳಿಸಿದರು. ಗಂಟೆಗೆ 5 ನಿಮಿಷ ಜಾಹೀರಾತಿಗಷ್ಟೇ ಅವಕಾಶವಿದ್ದ ಕಾಲದಲ್ಲಿ ಅಷ್ಟು ಹಣ ಎಲ್ಲಿಂದ ಬರುತ್ತದೆ ಎಂದು ಒಬ್ಬ ಅಧಿಕಾರಿಗೂ ಹೊಳೆಯಲಿಲ್ಲವೇ?

ಇದಕ್ಕಿಂತ ನೋವಿನ ವಿಷಯ ಸುದ್ದಿಯ ಮೇಲಿನ ನಿಷೇಧ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷೆಯ ಫಲಿತಾಂಶ, ಉದ್ಯೋಗಾವಕಾಶ, ನೀರು ಮತ್ತು ವಿದ್ಯುತ್ ಕುರಿತ ಪ್ರಕಟಣೆಗಳನ್ನು ಸುದ್ದಿಯೆಂದು ಎಣಿಸುವುದಿಲ್ಲ. ಅಂದರೆ ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಸಾರಬಹುದು. ಮೂರು ತಿಂಗಳಿಂದ ಯಾಕೆ ಬರುತ್ತಿಲ್ಲ ಎಂದು ಪಂಚಾಯ್ತಿ ಸದಸ್ಯರನ್ನು ಮೈಕಿನ ಮುಂದೆ ಕೂರಿಸಿ ಕೇಳಿದರೆ ಅದು ಸುದ್ದಿಯಾದೀತು ಎಂಬ ಅಂಜಿಕೆ. ಅನುಮತಿ ಕೊಡುವ ಸಚಿವಾಲಯವೇ ಅದನ್ನು ಹಿಂಪಡೆಯಲೂ ಬಲ್ಲದು ಎಂದು ಗೊತ್ತಿರುವ ಕೇಂದ್ರ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ.

ಈ ನಿಷೇಧಕ್ಕೆ ಭದ್ರತೆಯ ಕಾರಣ ಹೇಳುತ್ತಾರೆ. ಆ ವಾದ ನಿಲ್ಲುವುದಿಲ್ಲ. ಉಪಗ್ರಹದ ಮೂಲಕ ದೇಶಕ್ಕೆಲ್ಲ ಕಾಣುವ ಖಾಸಗಿ ಚಾನೆಲ್‌ಗಳು ದಿನವಿಡೀ ಸುದ್ದಿ ಹೇಳುತ್ತವೆ, ಪತ್ರಿಕೆಗಳಿಗೂ ತಡೆಯಿಲ್ಲ. ನೆರೆಯ ನೇಪಾಳದಲ್ಲಿ 1997ರಲ್ಲೇ ಆರಂಭವಾದ ಸಮುದಾಯ ಬಾನುಲಿ ರೇಡಿಯೋ ಸಾಗರಮಾಥಾ ಸುದ್ದಿ ಬಿತ್ತರಿಸುತ್ತದೆ. ನಮ್ಮಲ್ಲಿ ಅನುಮಾನಕ್ಕೆ ಗುರಿಯಾಗಿರುವುದು ಹತ್ತು ಹಳ್ಳಿಗೆ ಕೇಳಿಸುವ ದನಿ, ಅದೂ ಹೆಚ್ಚಾಗಿ ಬಡವರದು.

1885ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಪ್ರಸಾರದ ಅನುಮತಿಯನ್ನು ಸಚಿವಾಲಯದಿಂದ ಬಿಡಿಸಿ ಸ್ವತಂತ್ರ ಪ್ರಾಧಿಕಾರಕ್ಕೆ ಕೊಡಲು ಆಗಲೂ ಸರ್ಕಾರ ಮನಸ್ಸು ಮಾಡಲಿಲ್ಲ. ಪ್ರಸಾರಕ್ಕೆಂದೇ ಮುಂದೆ ಯಾವ ಮಸೂದೆ ಬಂದರೂ, ಅದು 1995ರ ತೀರ್ಪಿನ ಉಳಿದರ್ಧವನ್ನು ಜಾರಿಗೆ ತರಲಿ, ಊರ ಬಾನುಲಿಗಳಿಗೆ ಊರಿನ ಸುದ್ದಿ ಹೇಳಲು ಬಿಡಲಿ ಎಂದು ನಮ್ಮ ಸಂಸದರು ಪಟ್ಟು ಹಿಡಿಯಬೇಕು.